ಕಟ್ಟಿದ ಕೈ

ತಲೆಯೊಳಗೆ ಅಂಕುಶ ಇಡಿಸಿಕೊಂಡು ಜೈಲಿನಿಂದ ಹೊರಬಂದ ಮೊದಲ ಮನುಷ್ಯ ಫಕೀರೇಶ ಬಾರಕೇರ. ಹುಬ್ಬಳ್ಳಿಯಲ್ಲಿ ಬಸ್ಸುಗಳ ಬಾಡಿ ಕಟ್ಟುವ ಶೆಡ್ಡಿನಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಿದ್ದವನು. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮಾತಿಗೆ ಮಾತು ಬೆಳೆದು ಜೊತೆಗಾರ ಶೇಖಪ್ಪನನ್ನು ಹೊಡೆದು ಕೊಂದಿದ್ದ. ಆಯುಧ ಇರಲಿಲ್ಲ, ಬರಿಗೈ. ಯಾಕೆ ಹೊಡೆದೆ ಎಂದು ಕೇಳಿದವರಿಗೆಲ್ಲ "ಸಿಟ್ಟು ಬಂತ್ರಿ, ತಡಕೊಳ್ಳಾಕ ಆಗ್ಲಿಲ್ಲ" ಎಂದಷ್ಟೇ ಹೇಳಿದ್ದ.

ಅಂಕುಶವೆಂದರೆ ಜೋಳದ ಕಾಳಿನಷ್ಟು ಗಾತ್ರದ ಒಂದು ಸಾಧನ. ಕೈ ಏಳುವುದಕ್ಕೆ ಮುಂಚೆ ಮಿದುಳಿನಲ್ಲಿ ಅದರ ತಯಾರಿ ನಡೆಯುತ್ತದೆ. ಮೊಳೆ ಬಡಿಯಲು ಎತ್ತುವ ಕೈಗೂ ಮನುಷ್ಯನನ್ನು ಬಡಿಯಲು ಎತ್ತುವ ಕೈಗೂ ಒಳಗಿನ ತಯಾರಿ ಬೇರೆ ಬೇರೆ. ಎರಡನೆಯದರ ಗುರುತು ಕಂಡ ಕೂಡಲೇ ಅಂಕುಶ ಒಂದು ಸಣ್ಣ ವಿದ್ಯುತ್ ಮಿಡಿತದಿಂದ ತೋಳಿಗೆ ಹೊರಟ ಆಜ್ಞೆಯನ್ನು ತಡೆಯುತ್ತದೆ. ತೋಳು ಸ್ವಲ್ಪ ಹೊತ್ತು ಒದ್ದೆ ಬಟ್ಟೆಯಂತೆ ಜೋತುಬೀಳುತ್ತದೆ. ಕಾಲಿಗೂ ಹಾಗೆಯೇ. ಸಿಟ್ಟು ಇದ್ದಲ್ಲೇ ಇರುತ್ತದೆ, ದ್ವೇಷವೂ ಇರುತ್ತದೆ. ಮೈ ಮಾತ್ರ ಅದರ ಮಾತು ಕೇಳುವುದಿಲ್ಲ.

ಇದನ್ನು ಮಾಡಿದವಳು ಧಾರವಾಡದ ನರವಿಜ್ಞಾನ ಕೇಂದ್ರದ ಡಾಕ್ಟರ್ ಕರುಣಾ ಕಲ್ಲೂರ. ಬಿಡುಗಡೆಗೆ ಮುಂಚಿನ ಕೊನೆಯ ಪರೀಕ್ಷೆಯಲ್ಲಿ ಒಬ್ಬ ಕಾವಲುಗಾರ, ಅವಳು ಹೇಳಿಕೊಟ್ಟಂತೆಯೇ, ಫಕೀರೇಶನ ಸತ್ತ ತಾಯಿಯನ್ನು ಹೊಲಸು ಮಾತಿನಲ್ಲಿ ಬೈದ. ಫಕೀರೇಶನ ಕಣ್ಣುಗಳು ಕೆಂಪಾದವು. ಬಲಗೈ ಭುಜದ ಮಟ್ಟಕ್ಕೆ ಬಂತು, ಅಲ್ಲಿಂದ ಧೊಪ್ಪನೆ ಕೆಳಗೆ ಬಿತ್ತು. ಮತ್ತೆ ಎತ್ತಿದ, ಮತ್ತೆ ಬಿತ್ತು. ಬೇರೆ ಯಾರದೋ ಕೈಯನ್ನು ನೋಡುವಂತೆ ಅದನ್ನು ನೋಡುತ್ತ ನಿಂತ.

"ಈ ಕಾಳು ಅವಾಗ ಇದ್ದಿದ್ರ ಶೇಖ್ಯಾ ಬದುಕ್ತಿದ್ದ ನೋಡ್ರಿ ಮೇಡಂ," ಎಂದ.

ಅವತ್ತು ಸಂಜೆ ಕರುಣಾ ಮನೆಗೆ ಪೇಢಾ ತಂದಳು. ಅವಳ ತಂದೆ ಇಮ್ಮಾನುವೇಲ ಕಲ್ಲೂರ, ಊರೂರು ಚರ್ಚುಗಳಲ್ಲಿ ಸಭಾಪಾಲಕರಾಗಿದ್ದು ನಿವೃತ್ತರಾದವರು. ಮಗಳು ಹೇಳಿದ್ದನ್ನೆಲ್ಲ ಕೇಳಿ ಅವರು ನಕ್ಕರು. "ಹಂಗಾದ್ರ ದೇವರು ಮರ್ತ ಕೆಲಸ ನೀ ಮಾಡಿದಿ ಅನ್ನು."

"ಅವ ಮರ್ತಿದ್ನೋ, ಬೇಕಂತನ ಬಿಟ್ಟಿದ್ನೋ ಪಪ್ಪಾ?"

"ಬೇಕಂತನ ಬಿಟ್ಟಾನ ಅಂತ ನಾ ಜೀವನಪೂರ್ತಿ ಬೋಧನೆ ಮಾಡೀನಿ. ಕೆಟ್ಟದ್ದು ಮಾಡಾಕ ಬರದಿದ್ರ ಒಳ್ಳೇದಕ್ಕ ಅರ್ಥ ಇರೂದಿಲ್ಲ ಅಂತ."

"ಬೇಕಂತನ ಬಿಟ್ಟಿದ್ರ ಅದು ಇನ್ನೂ ಕೆಟ್ಟದ್ದು," ಎಂದಳು ಕರುಣಾ. ಅಪ್ಪ ಇನ್ನೊಂದು ಪೇಢಾ ಬಾಯಿಗೆ ಹಾಕಿಕೊಂಡರು.

ಫಕೀರೇಶ ಮನೆಗೆ ಬಂದಾಗ ಹೆಂಡತಿ ಹೇಮವ್ವ ಬಾಗಿಲಲ್ಲೇ ನಿಂತಿದ್ದಳು. ಅವನು ಜೈಲಿನಲ್ಲಿದ್ದಷ್ಟು ಕಾಲ ಕೌದಿ ಹೊಲಿದು ಮಗಳನ್ನು ಸಾಕಿದ್ದಳು. ಶೇಖಪ್ಪನಿಗಿಂತ ಮುಂಚೆ ಆ ಕೈಯನ್ನು ಕಂಡವಳು ಅವಳೇ. ಅವಳ ಎಡಗಿವಿ ಇವತ್ತಿಗೂ ಸರಿಯಾಗಿ ಕೇಳುತ್ತಿರಲಿಲ್ಲ. ಡಾಕ್ಟರರು ಬಂದು ತಿಳಿಸಿ ಹೇಳಿದ್ದರೂ ಮೊದಲ ಕೆಲವು ವಾರ ಅವಳು ಮಗಳನ್ನು ಮಗ್ಗುಲಲ್ಲೇ ಇಟ್ಟುಕೊಂಡು ಓಡಾಡಿದಳು. ಒಂದು ದಿನ ಸಾರಿಗೆ ಉಪ್ಪು ಹೆಚ್ಚಾಯಿತು. ಫಕೀರೇಶ ತಟ್ಟೆ ತಳ್ಳಿ ಎದ್ದ. ಅವಳು ಅಭ್ಯಾಸದಂತೆ ಮುಖ ಮುಚ್ಚಿಕೊಂಡಳು. ಏಟು ಬೀಳಲಿಲ್ಲ. ಕೈ ಸರಿಸಿ ನೋಡಿದರೆ ಅವನ ತೋಳು ಜೋತುಬಿದ್ದು ತೂಗಾಡುತ್ತಿತ್ತು, ಅವನು ಹಲ್ಲು ಕಚ್ಚಿ ನಿಂತಿದ್ದ. ಹೇಮವ್ವನಿಗೆ ನಗು ಬಂತು. ನಕ್ಕಮೇಲೆ ಹೆದರಿಕೆಯಾಯಿತು, ಆಮೇಲೆ ಅಳು ಬಂತು. ಮಗಳು ಅಕ್ಷತಾ ಮಾತ್ರ ಅಪ್ಪನ ಕೈಯನ್ನೇ ದಿಟ್ಟಿಸಿ ನೋಡಿ, "ನೀರು ಹಾಕ್ಕೊಂಡು ಉಣ್ಣು ಅಪ್ಪಾ, ಸರಿ ಹೋಗ್ತೈತಿ," ಎಂದಳು. ಅಪ್ಪನಿಗೆ ಅವಳು ಹಾಗೆ ಎದುರಾಗಿ ಮಾತಾಡಿದ್ದು ಅದೇ ಮೊದಲು.

ದಿನ ಹೋದಂತೆ ಕೈ ಬೀಳುವುದು ಕಡಿಮೆಯಾಯಿತು. ಎತ್ತಿ ಪ್ರಯೋಜನವಿಲ್ಲ ಎಂದು ಒಳಗಿನದು ಯಾವುದೋ ಕಲಿತಂತಿತ್ತು. ಓಣಿಯವರು ಅವನನ್ನು ಒಳ್ಳೆಯವನು ಎನ್ನತೊಡಗಿದರು. ಶೆಡ್ಡಿನಲ್ಲಿ ಮಾತ್ರ ಬೇರೆ ಕಥೆ. ಅವನು ತಿರುಗಿ ಹೊಡೆಯಲಾರ ಎಂದು ಎಲ್ಲರಿಗೂ ಗೊತ್ತಿತ್ತು. ಒಬ್ಬ ತಲೆಗೆ ಮೊಟಕಿ ಹೋಗುತ್ತಿದ್ದ, ಇನ್ನೊಬ್ಬ ಅವನ ಚಹಾದಲ್ಲಿ ಬೀಡಿ ಎಸೆಯುತ್ತಿದ್ದ. ಫಕೀರೇಶ ಬೇರೆ ಚಹಾ ತಂದುಕೊಂಡು ಕುಡಿಯುತ್ತಿದ್ದ. ಪತ್ರಿಕೆಯವರು ಬಂದು ಫೋಟೋ ತೆಗೆದುಕೊಂಡು ಹೋದರು. ಇದನ್ನು ಇನ್ನೂ ವಿಸ್ತರಿಸಬಹುದೇ, ಶಾಲೆಗಳಲ್ಲಿ ಹೊಡೆದಾಡುವ ಮಕ್ಕಳಿಗೂ ಇಡಬಹುದೇ ಎಂದು ಸರ್ಕಾರದ ಸಮಿತಿಯೊಂದು ಕರುಣಾಳನ್ನು ಕೇಳಿತು. ಅವಳು ಆಗಬಹುದು ಎಂದೇ ಅಂದುಕೊಂಡಿದ್ದಳು.

ಹೀಗಿರುವಾಗ ಫಕೀರೇಶ ಒಂದು ಬೆಳಿಗ್ಗೆ ಶೇಖಪ್ಪನ ಮನೆಗೆ ಹೋದ. ಯಾರೂ ಅವನಿಗೆ ಹೇಳಿರಲಿಲ್ಲ. ಶೇಖಪ್ಪನ ತಾಯಿ ದ್ಯಾಮವ್ವ ಅಂಗಳದಲ್ಲಿ ಬಿಸಿಲಿಗೆ ಶೇಂಗಾ ಹರವುತ್ತಿದ್ದಳು. ಅವನು ಅಷ್ಟು ದೂರದಲ್ಲೇ ಚಪ್ಪಲಿ ಬಿಟ್ಟು, ಕೈ ಮುಗಿದು ನಿಂತ.

"ತಪ್ಪಾತು ಯವ್ವಾ. ಕ್ಷಮಾ ಮಾಡು."

ದ್ಯಾಮವ್ವನಿಗೆ ಅವನನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಗುರುತಿಸಿದ ಮೇಲೂ ಕಿರುಚಲಿಲ್ಲ.

"ಯಾವ ಕೈ ಮುಗ್ಯಾಕತ್ತಿ?" ಎಂದಳು.

"ಇದ ಕೈನ ಯವ್ವಾ."

"ಅದು ನಿನ್ನ ಕೈಯಲ್ಲ. ದವಾಖಾನ್ಯಾಗ ಕಟ್ಟಿ ಕಳಿಸ್ಯಾರ ಅಂತ ಟೀವ್ಯಾಗ ತೋರ್ಸಿದ್ರು. ಗೂಟಕ್ಕ ಬಿಗಿದ ಹೋರಿ ಹಾಯಂಗಿಲ್ಲ. ಹಾಯಲಿಲ್ಲಂತ ಅದನ್ನ ಸಾಧು ಅನ್ಲೇನು ನಾನು?" ಅವಳು ಶೇಂಗಾ ಹರವುವುದನ್ನು ನಿಲ್ಲಿಸಲಿಲ್ಲ. "ಬಿಚ್ಚಿಸ್ಕೊಂಡು ಬಾ. ಅವಾಗ ನೋಡೂಣು."

ಅಲ್ಲಿಂದ ಅವನು ಮನೆಗೆ ಹೋಗಲಿಲ್ಲ. ನೇರ ಧಾರವಾಡದ ಬಸ್ಸು ಹತ್ತಿದ.

"ಅಂಕುಶ ಆರಿಸಾಕ ಬರೂದಿಲ್ಲ," ಎಂದಳು ಕರುಣಾ. "ಬರ್ತದ, ಆದ್ರ ನಾ ಆರಿಸೂದಿಲ್ಲ. ಯಾಕ ಬೇಕು ನಿಮಗ? ನಿಮ್ಮ ಮಗಳು ನಗ್ತಾಳ, ನಿಮ್ಮ ಹೆಂಡತಿ ಹೆದರೂದು ಬಿಟ್ಟಾರ."

"ನನ್ನ ನೋಡಿ ಅಲ್ರಿ ಅವರು ಹೆದರೂದು ಬಿಟ್ಟಿದ್ದು, ಕಾಳು ನೋಡಿ." ಫಕೀರೇಶ ಕುರ್ಚಿಯ ತುದಿಗೆ ಕೂತಿದ್ದ. "ಮೊನ್ನೆ ಸೋಮವಾರ ಗುಡಿಗೆ ಹೋಗಿದ್ದೆ ಮೇಡಂ. ಕಾಯಿ ಒಡಿಸಿ ನಿಂತೆ. ನಿಂತಾಗ ಅನಿಸ್ತು, ಈಗ ದೇವರು ನನ್ನ ನೋಡಿದ್ರ ಅಂವಗ ಯಾರು ಕಾಣ್ತಾರು? ನಾನೋ, ನಿಮ್ಮ ಕಾಳೋ? ನಾ ಸುಧಾರ್ಸೀನೋ ಇಲ್ಲೋ ನನಗ ಗೊತ್ತಿಲ್ಲ. ಅಂವಗಾರ ಗೊತ್ತಿರತೈತೋ ಇಲ್ಲೋ."

"ಆರಿಸಿದ ಮ್ಯಾಲ ಯಾರನ್ನಾರ ಹೊಡದ್ರ?"

"ಹೊಡದ್ರ ಹೊಡದಂಗ. ಹೊಡಿಲಿಕ್ಕಿಲ್ಲ ಅಂತ ಆಣಿ ಮಾಡಿ ಹೇಳಾಕ ಆಗೂದಿಲ್ರಿ. ಸುಳ್ಳು ಹೇಳಂಗಿಲ್ಲ."

ಆ ಪ್ರಾಮಾಣಿಕತೆಯೇ ಕರುಣಾಳಿಗೆ ಇನ್ನಷ್ಟು ಹೆದರಿಕೆ ಹುಟ್ಟಿಸಿತು. ನಿಯಮದ ಪ್ರಕಾರ ಅವನಿಗೆ ಕೇಳುವ ಹಕ್ಕಿತ್ತು. ಶಿಕ್ಷೆಯ ಅವಧಿ ಮುಗಿದಿತ್ತು. ಅಂಕುಶ ಇರಬೇಕೋ ಬೇಡವೋ ಎಂಬುದು ಈಗ ಅವನ ಮತ್ತು ವೈದ್ಯೆಯ ನಡುವಿನ ಮಾತು. ಯೋಚಿಸಿ ಹೇಳುತ್ತೇನೆ ಎಂದು ಅವನನ್ನು ಕಳಿಸಿದಳು. ಅವನು ಹೋದಮೇಲೆ ಅವನ ಅಂಕುಶದ ದಾಖಲೆಯನ್ನು ಪರದೆಯ ಮೇಲೆ ತೆರೆದು ಕೂತಳು. ತಡೆಗಳು ವಿರಳವಾಗುತ್ತ ಬಂದು ಈಚೆಗೆ ಗೆರೆ ಸಮತಟ್ಟಾಗಿತ್ತು. ಇದು ಮನಸ್ಸು ಬದಲಾದದ್ದೋ, ಮಿದುಳು ಬರೀ ಸೋತು ಕೂತದ್ದೋ? ಆ ಗೆರೆ ಎರಡಕ್ಕೂ ಒಂದೇ ಥರ ಇರುತ್ತದೆ. ತನ್ನ ಯಂತ್ರ ಹೇಳಲಾರದ್ದು ಇದೊಂದು ಎಂದು ಅವಳಿಗೆ ಹೊಳೆಯಿತು. ಜನ ತಿಳಿಯಬಯಸುವುದೂ ಅದನ್ನೇ.

ಭಾನುವಾರ ಅಪ್ಪ ಚರ್ಚಿನಿಂದ ಬಂದು ಊಟಕ್ಕೆ ಕೂತಾಗ ಅವರ ಮುಂದೆ ಎಲ್ಲ ಹೇಳಿದಳು.

"ಈಗ ನೀವು ಖುಷಿ ಪಡ್ರಿ ಪಪ್ಪಾ. ಆ ಮನಿಷಾ ನಿಮ್ಮ ಬೋಧನೆನ ಮಾಡ್ಲಿಕತ್ತಾನ. ಕೆಟ್ಟದ್ದು ಮಾಡಾಕ ಬರದಿದ್ರ ಒಳ್ಳೇದಕ್ಕ ಅರ್ಥ ಇಲ್ಲ ಅಂತಾನ."

ಇಮ್ಮಾನುವೇಲರು ಖುಷಿಪಟ್ಟಂತೆ ಕಾಣಲಿಲ್ಲ. ಅನ್ನ ಕಲಸುತ್ತ, "ನಿನಗೇನನಿಸ್ತದ?" ಎಂದರು.

"ನನಗ ಆ ಹೆಣ್ಣುಮಗಳ ಕಿವಿ ನೆನಪಾಗ್ತದ. ದೇವರು ಹೊಡಿಯಾಂವಗ ಸ್ವಾತಂತ್ರ್ಯ ಕೊಟ್ಟ. ದೊಡ್ಡ ಮಾತು. ಹೊಡಿಸ್ಕೊಳ್ಳೋರನ್ನ ಒಂದು ಮಾತು ಕೇಳಿದ್ನೇನು? ಇಂವ ಒಳ್ಳೆಯವ ಆಗೂದನ್ನ ಕಲೀಬೇಕಾಗೇದ, ನಿನ್ನ ಮೈಮ್ಯಾಲ ಕಲೀತಾನ, ನಡೀತದೇನು ಅಂತ? ಶೇಖಪ್ಪನ್ನ ಕೇಳಿದ್ನೇನು?"

ಅಪ್ಪ ಊಟ ನಿಲ್ಲಿಸಿದರು. ಎಷ್ಟೋ ಸಾವಿನ ಮನೆಗಳಲ್ಲಿ ಕೂತು ಜನರಿಗೆ ಸಮಾಧಾನ ಹೇಳಿದ್ದ ಮನುಷ್ಯ. ಅವರ ಹತ್ತಿರ ಇದಕ್ಕೆ ಉತ್ತರಗಳಿದ್ದವು, ಮಗಳಿಗೆ ಅವೆಲ್ಲ ಬಾಯಿಪಾಠವಾಗಿದ್ದವು. ಅವರು ಅವುಗಳಲ್ಲಿ ಯಾವುದನ್ನೂ ಹೇಳಲಿಲ್ಲ.

"ಕೇಳಿಲ್ಲ," ಎಂದರು. "ಯಾಕ ಕೇಳಿಲ್ಲ ಅಂತ ನನಗೂ ಗೊತ್ತಿಲ್ಲ. ಅವನ ಮುಂದ ಹೋಗಿ ನಿಂತಾಗ ನಾನೂ ಕೇಳಾಂವ ಇದೀನಿ." ಮತ್ತೆ ಅನ್ನಕ್ಕೆ ಕೈ ಹಾಕಿ, "ಆದ್ರ ನೀ ದೇವರಲ್ಲಲಾ ಕರುಣಾ. ನಿನಗ ಹೋಗಿ ಕೇಳಾಕ ಬರ್ತದ," ಎಂದರು.

ಹೇಮವ್ವ ಕೌದಿಯ ಅಂಚು ಹೊಲಿಯುತ್ತ ಕೂತಿದ್ದಾಗ ಕರುಣಾ ಹೋದಳು. ಫಕೀರೇಶ ಕೆಲಸಕ್ಕೆ, ಅಕ್ಷತಾ ಶಾಲೆಗೆ ಹೋಗಿದ್ದರು. ಕರುಣಾ ಸುತ್ತಿ ಬಳಸದೆ ವಿಷಯ ಹೇಳಿದಳು. ಹೇಮವ್ವನ ಸೂಜಿ ನಿಂತಿತು.

"ಮತ್ತ ನನ್ನ ಯಾಕ ಕೇಳ್ತೀರಿ? ತಲಿ ಅವರದು, ಕಾಳು ನಿಮ್ಮದು."

"ಕೈ ಬೀಳೂದು ನಿಮ್ಮ ಮ್ಯಾಲಲಾ."

ಹೇಮವ್ವ ತಲೆ ಎತ್ತಿ ಅವಳನ್ನು ನೋಡಿದಳು. ಈ ಮಾತನ್ನು ಅವಳಿಗೆ ಈ ಮೊದಲು ಯಾರೂ ಹೇಳಿರಲಿಲ್ಲ.

"ನೋಡ್ರಿ ಮೇಡಂ, ಲಗ್ನ ಆದಾಗಿಂದ ನಾ ಅವರಿಗೆ ಬೆನ್ನು ಮಾಡಿ ರೊಟ್ಟಿ ಬಡದಾಕಿ ಅಲ್ಲ. ಒಲಿ ಮುಂದ ಕುಂತ್ರ ಬಾಗಿಲಿಗೆ ಬೆನ್ನಾಗ್ತೈತಿ ಅಂತ ಮಗ್ಗಲಾಗಿ ಕುಂತು ಬಡೀತಿದ್ದೆ, ಒಂದು ಕಣ್ಣು ಹಂಚಿನ ಮ್ಯಾಲ, ಒಂದು ಕಣ್ಣು ಅವರ ಮ್ಯಾಲ. ಈಗ ಬೆನ್ನು ಮಾಡಿ ಕುಂಡರ್ತೀನಿ. ಹಾಡು ಸೈತ ಬರ್ತೈತಿ ಬಾಯಾಗ. ನಿಮಗಿದು ಸಣ್ಣದು ಅನಸ್ತೈತೋ ಏನೋ."

"ಇಲ್ಲ. ಸಣ್ಣದು ಅನಸೂದಿಲ್ಲ."

"ಅವರಿಗೆ ಪುಣ್ಯ ಬರಲಿ, ಬ್ಯಾಡ ಅನ್ನೂದಿಲ್ಲ. ಅದಕ್ಕ ನನ್ನ ಕಪಾಳ ಯಾಕ ಒತ್ತೆ ಇಡಬೇಕು?"

"ಒಂದು ಉಪಾಯ ಅದ," ಎಂದಳು ಕರುಣಾ. "ಒಂದು ಸಣ್ಣ ಗುಂಡಿ ನಿಮ್ಮ ಕೈಯಾಗ ಕೊಡ್ತೀನಿ. ಅವರಿಗೆ ಸಿಟ್ಟು ಬಂತು ಅನಿಸಿದ್ರ ಒತ್ರಿ, ಅಂಕುಶ ಚಾಲೂ ಆಗ್ತದ."

ಹೇಮವ್ವ ತಕ್ಷಣ ತಲೆಯಾಡಿಸಿದಳು. "ಬ್ಯಾಡ್ರಿ. ಗಂಡನ ಸಿಟ್ಟು ಕಾಯ್ಕೋಂತ ಗುಂಡಿ ಹಿಡ್ಕೊಂಡು ಕುಂಡ್ರಾಕ ನನ್ನ ಕೈಲಿ ಆಗೂದಿಲ್ಲ. ಇಷ್ಟು ವರ್ಷ ಕಾದದ್ದು ಸಾಕು." ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಆರಸ್ರಿ. ಅವರ ಜೀವ ಕೇಳಾಕತ್ತೈತಿ ಅಂದ್ರ ಆರಸ್ರಿ. ಆದ್ರ ಅದು ಆರಿದಷ್ಟು ದಿನ ಅವರು ಈ ಮನ್ಯಾಗ ಇರಬಾರ್ದು. ಶೆಡ್ಡಿನ ಹಿಂದ ಖೋಲಿ ಐತಿ, ಅಲ್ಲಿ ಇರ್ಲಿ. ನನಗ ಹೋಗಬೇಕು ಅನಿಸಿದಾಗ ನಾ ಹೋಗ್ತೀನಿ. ಅನಿಸಲಿಲ್ಲ ಅಂದ್ರ ಇಲ್ಲ. ಇದನ್ನ ನೀವ ಹೇಳ್ರಿ ಅವರಿಗೆ. ಅಲ್ಲ, ಬ್ಯಾಡ. ನಾನ ಹೇಳ್ತೀನಿ."

ಅವಳೇ ಹೇಳಿದಳು. ಫಕೀರೇಶ ಹಾಸಿಗೆ ಸುತ್ತಿಕೊಂಡು ಖೋಲಿಗೆ ಹೋದ ಎಂದು ಆಮೇಲೆ ಕರುಣಾಳಿಗೆ ತಿಳಿಯಿತು.

ಅಂಕುಶ ಆರಿಸುವುದಕ್ಕೆ ಶಸ್ತ್ರಚಿಕಿತ್ಸೆ ಬೇಕಿರಲಿಲ್ಲ. ಕಿವಿಯ ಹಿಂದೆ ಒಂದು ಉಪಕರಣ ಹಿಡಿದರೆ ಮುಗಿಯಿತು. ಪರದೆಯ ಮೇಲಿನ ಹಸಿರು ಚುಕ್ಕೆ ಬೂದು ಬಣ್ಣಕ್ಕೆ ತಿರುಗಿತು. ಫಕೀರೇಶ ಕೈ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡ. "ಏನೂ ಫರಕು ಗೊತ್ತಾಗವಲ್ದು," ಎಂದ. ಅವನ ಹಣೆಯ ಮೇಲೆ ಬೆವರಿತ್ತು.

ದ್ಯಾಮವ್ವನ ಮನೆಗೆ ಅವನ ಜೊತೆ ಕರುಣಾ ಹೋದಳು. ಒಬ್ಬ ಪೊಲೀಸನನ್ನೂ ಕರೆದುಕೊಂಡು ಹೋಗಿ ಓಣಿಯ ತಿರುವಿನಲ್ಲಿ ನಿಲ್ಲಿಸಿದಳು. ಬರುತ್ತೇವೆಂದು ಮೊದಲೇ ಹೇಳಿಕಳಿಸಿದ್ದರು. ದ್ಯಾಮವ್ವ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಕಿರಿಯ ಮಗ ನಿಂಗಪ್ಪ ಅಂಗಳದಲ್ಲಿ ನಿಂತಿದ್ದ.

ಫಕೀರೇಶ ಬಾಯಿ ತೆರೆಯುವ ಮೊದಲೇ ನಿಂಗಪ್ಪ ಮುಂದೆ ಬಂದು ಅವನ ಕೆನ್ನೆಗೆ ಬಾರಿಸಿದ. ಇನ್ನೊಂದು ಕೆನ್ನೆಗೂ ಬಾರಿಸಿದ. "ಬಿಚ್ಚಿಸ್ಕೊಂಡು ಬಂದಿಯೇನಲೇ? ಹೊಡಿ ಈಗ. ನನ್ನೂ ಹೊಡದು ಸಾಯ್ಸು. ನಮ್ಮಣ್ಣನ್ನ ಹೊಡದಂಗ ಹೊಡಿ!" ಎಂದು ಮುಖಕ್ಕೆ ಉಗುಳಿದ.

ಫಕೀರೇಶನ ಬಲಗೈ ಎದ್ದಿತು. ಮುಷ್ಟಿ ಬಿಗಿದಿತ್ತು. ಕರುಣಾ ಅಭ್ಯಾಸಬಲದಿಂದ ಅದು ಬೀಳುವುದನ್ನು ಕಾದಳು. ಅದು ಬೀಳಲಿಲ್ಲ. ಭುಜದ ಮಟ್ಟ ದಾಟಿ ಮೇಲೆ ಹೋಯಿತು, ಅಲ್ಲೇ ನಿಂತಿತು. ಪೊಲೀಸನನ್ನು ಕೂಗುವುದೂ ಅವಳಿಗೆ ಮರೆತುಹೋಯಿತು. ಆ ಕ್ಷಣದಲ್ಲಿ ಅವಳಿಗೆ ತನ್ನ ಯಂತ್ರದ ಬಗ್ಗೆ, ದೇವರ ಬಗ್ಗೆ ಯಾವ ಯೋಚನೆಯೂ ಬರಲಿಲ್ಲ. ನಿಂಗಪ್ಪನ ಎಳೆಯ ವಯಸ್ಸು ಮಾತ್ರ ಕಾಣಿಸಿತು.

"ಹಿಂದ ಸರಿಯೋ ನಿಂಗಪ್ಪಾ!" ಫಕೀರೇಶ ಒದರಿದ. "ಸರಿಯೋ ಹಿಂದಕ್ಕ! ನನ್ನ ಮುಂದ ನಿಲ್ಲಬ್ಯಾಡ!"

ನಿಂಗಪ್ಪ ಸರಿಯಲಿಲ್ಲ. ಫಕೀರೇಶನೇ ಹಿಂದೆ ಸರಿದ. ಎಡವಿದ, ಗೋಡೆಗೆ ತಾಗಿದ. ಹಾಗೇ ಕುಸಿದು ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿ ಅವುಗಳ ಮೇಲೆ ಭಾರ ಬಿಟ್ಟು ಕೂತ. ಉಗುಳು ಗಲ್ಲದ ಮೇಲಿಂದ ಇಳಿಯುತ್ತಿದ್ದರೂ ಒರೆಸಿಕೊಳ್ಳಲು ಕೈ ತೆಗೆಯಲಿಲ್ಲ. ನಿಂಗಪ್ಪ ಇನ್ನೊಂದು ಹೆಜ್ಜೆ ಮುಂದಿಟ್ಟ. ತಾಯಿ "ಸಾಕು ಬಿಡು," ಎಂದಳು.

ದ್ಯಾಮವ್ವ ಕಟ್ಟೆಯಿಂದ ಮೆಲ್ಲಗೆ ಇಳಿದು ಬಂದಳು. ಫಕೀರೇಶನ ಎದುರು ನಿಂತು, ಅವನು ಕೂತಿದ್ದ ರೀತಿಯನ್ನೇ ನೋಡಿದಳು.

"ಅವತ್ತೂ ಬರ್ತಿತ್ತಲ್ಲೋ ನಿನಗ ಇದು," ಎಂದಳು.

ಅವನು ತಲೆ ಎತ್ತಿದ. ಮಾತು ಅರ್ಥವಾದಾಗ ಅವನ ಮುಖ, ಎರಡು ಏಟು ತಿಂದಾಗಲೂ ಆಗದಿದ್ದಷ್ಟು, ಬಿಳಿಚಿಕೊಂಡಿತು.

"ಬರ್ತಿತ್ತು ಯವ್ವಾ."

"ಮತ್ತ ಯಾಕ ಮಾಡ್ಲಿಲ್ಲ?"

ದ್ಯಾಮವ್ವ ಅಲ್ಲೇ ನೆಲದ ಮೇಲೆ ಕೂತು, ಸೆರಗು ಬಾಯಿಗೆ ಹಿಡಿದು ಅಳಲು ಶುರುಮಾಡಿದಳು. ನಿಂಗಪ್ಪ ಗೋಡೆಯ ಕಡೆ ತಿರುಗಿ ನಿಂತ. ಕ್ಷಮೆ ಕೇಳಲು ಬಂದ ಫಕೀರೇಶ ಅದನ್ನು ಕೇಳಲಿಲ್ಲ, ಅವಳೂ ಕೊಡಲಿಲ್ಲ. ಅಳು ಮುಗಿದ ಮೇಲೆ ಅವಳು "ಇನ್ನ ಹೋಗು," ಎಂದಳು.

ವಾಪಸು ಬರುವಾಗ ಜೀಪಿನಲ್ಲಿ ಕರುಣಾ ಕೇಳಿದಳು: "ಮತ್ತ ಚಾಲೂ ಮಾಡ್ಲೇನು?"

ಫಕೀರೇಶ ಹೊರಗೆ ನೋಡುತ್ತ ಹೇಳಿದ: "ನನ್ನ ಕೈಲಿ ತಡಕೊಳ್ಳಾಕ ಆಗ್ತಿದ್ದಿಲ್ಲ ಅಂತ ನಾ ಖರೇನ ನಂಬಿದ್ದೆ ಮೇಡಂ. ಜೈಲಿನ್ಯಾಗ ಅದೊಂದ ನನಗ ಸಮಾಧಾನ ಆಗಿತ್ತು. ಕಾಳು ಇಟ್ಟಾಗ ಇನ್ನೂ ಖಾತ್ರಿ ಆತು, ನೋಡು, ಯಂತ್ರ ಬೇಕಾತು ಅಂತ. ಇವತ್ತ ಅದೂ ಹೋತು."

"ಅದಕ್ಕ ಕೇಳಿದೆ. ಚಾಲೂ ಮಾಡಿದ್ರ ಹಗುರ ಆಗ್ತದೇನೋ."

"ಹಗುರ ಆಗೂದು ಬ್ಯಾಡ್ರಿ," ಎಂದ.

ಮನೆಗೆ ಬಂದು ಕರುಣಾ ಇದನ್ನು ಹೇಳಿದಾಗ ಇಮ್ಮಾನುವೇಲರು ಕನ್ನಡಕ ತೆಗೆದು ಒರೆಸಿಕೊಂಡರು. "ನಾನು ಸ್ವಾತಂತ್ರ್ಯನ ವರ ಅಂತ ಬೋಧನೆ ಮಾಡ್ದೆ," ಎಂದರು. "ಅದು ಎಷ್ಟು ಭಾರ ಅಂತ ಯಾರಿಗೂ ಹೇಳ್ಲಿಲ್ಲ." ಅವತ್ತು ಪ್ರಾರ್ಥನೆಯಲ್ಲಿ ಅವರು ಫಕೀರೇಶನ ಹೆಸರು ಹೇಳಿದರು, ಹೇಮವ್ವನದೂ ಹೇಳಿದರು. ಪ್ರಾರ್ಥನೆಗೆ ಕೂರುವುದನ್ನು ಎಂದೋ ಬಿಟ್ಟಿದ್ದ ಕರುಣಾ, ಅವರ ಮಾತು ಮುಗಿಯುವವರೆಗೆ ಕೋಣೆಯಲ್ಲೇ ಇದ್ದಳು.

ಸಮಿತಿಯ ಮುಂದೆ ಅವಳು ಹೇಳಿದ್ದು ಯಾರಿಗೂ ಹಿಡಿಸಲಿಲ್ಲ. ಅಂಕುಶ ಬೇಡ ಎಂದು ಅವಳು ಹೇಳಲಿಲ್ಲ. ಎಷ್ಟೋ ಮನೆಗಳಲ್ಲಿ ಅದು ಒಬ್ಬ ಹೆಂಗಸಿನ ನೆಮ್ಮದಿಯ ನಿದ್ದೆ ಎಂದಳು. ಆದರೆ ಮಕ್ಕಳಿಗೆ ಮಾತ್ರ ತಾನು ಇಡುವುದಿಲ್ಲ ಎಂದಳು. ತಡೆದುಕೊಳ್ಳುವುದನ್ನು ಒಂದು ಸಲವೂ ಮಾಡಿ ನೋಡದವರಿಗೆ ತಾವು ಅದನ್ನು ಮಾಡಬಲ್ಲೆವು ಎಂಬುದೇ ಎಂದೂ ಗೊತ್ತಾಗುವುದಿಲ್ಲ. ದೊಡ್ಡವರಲ್ಲಿ ಇಡುವಾಗಲೂ ತೆಗೆಯುವಾಗಲೂ, ಅವರ ಕೈಗೆ ಎಟಕುವ ದೂರದಲ್ಲಿ ಬದುಕುವವರನ್ನು ಮೊದಲು ಕೇಳಬೇಕು. ಇದೆಲ್ಲ ವಿಜ್ಞಾನದ ಮಾತಲ್ಲ ಎಂದರು ಅಧ್ಯಕ್ಷರು. ಮಕ್ಕಳ ಯೋಜನೆಯನ್ನು ಬೇರೊಬ್ಬರಿಗೆ ಒಪ್ಪಿಸುವ ಮಾತು ನಡೆಯಿತು. ಕರುಣಾ ಅದರ ವಿರುದ್ಧ ಬರೆಯುತ್ತಲೇ ಇದ್ದಾಳೆ.

ಫಕೀರೇಶ ಖೋಲಿಯಲ್ಲಿ ಒಬ್ಬನೇ ಇದ್ದ. ಅಂಕುಶ ಆರಿದೆ ಎಂದು ಗೊತ್ತಾದ ಮೇಲೆ ಶೆಡ್ಡಿನವರು ಅವನ ಚಹಾಕ್ಕೆ ಕೈ ಹಾಕುವುದು ಬಿಟ್ಟರು. ಸಿಟ್ಟು ಬಂದಾಗ ಅವನು ವೆಲ್ಡಿಂಗ್ ಕನ್ನಡಕ ಕೆಳಗಿಟ್ಟು ರಸ್ತೆಗೆ ಹೋಗಿ ನಡೆದಾಡಿ ಬರುತ್ತಿದ್ದ. ಒಂದು ಸಲ ಸಿಟ್ಟು ಇಳಿಯದೆ ಊರ ಹೊರಗಿನವರೆಗೂ ನಡೆದುಹೋಗಿ, ಸಂಜೆ ಬಸ್ಸು ಹಿಡಿದು ಬಂದ. ಅವತ್ತಿನ ಕೂಲಿ ಹೋಯಿತು.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಹೇಮವ್ವ ಬುತ್ತಿ ಕಟ್ಟಿಕೊಂಡು, ಅಕ್ಷತಾಳನ್ನು ಕರೆದುಕೊಂಡು ಖೋಲಿಗೆ ಬಂದಳು. ಫಕೀರೇಶ ಗಡಿಬಿಡಿಯಿಂದ ಚಾಪೆ ಹಾಸಿದ. ಅಕ್ಷತಾ ಒಳಗೆ ಹೋಗಿ ಅಪ್ಪನ ಸಾಮಾನುಗಳನ್ನೆಲ್ಲ ಒಂದೊಂದಾಗಿ ಎತ್ತಿ ನೋಡಿದಳು. ಹೇಮವ್ವ ಚಪ್ಪಲಿ ಬಿಡದೆ, ಬಾಗಿಲ ಹೊಸ್ತಿಲ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚಿದಳು. ಬಾಗಿಲು ಪೂರ್ತಿ ತೆರೆದೇ ಇತ್ತು.

ಫಕೀರೇಶ ಅವಳ ಕಾಲಿನ ಚಪ್ಪಲಿ ನೋಡಿದ. ಒಳಗೆ ಬಾ ಎನ್ನಲಿಲ್ಲ. ಅವಳು ನೀಡಿದ ರೊಟ್ಟಿ, ಪಲ್ಯ ತೆಗೆದುಕೊಂಡು, ಅವಳಿಂದ ಆದಷ್ಟು ದೂರ, ಎದುರಿನ ಗೋಡೆಯ ಬುಡಕ್ಕೆ ಹೋಗಿ ಕೂತ. ಅವಳು ಅದನ್ನು ಕಂಡಳು. ಆಮೇಲೆ ತನ್ನ ತಟ್ಟೆಗೂ ನೀಡಿಕೊಂಡಳು. ಮೂವರೂ ಉಂಡರು.